ಕೆಂಪು ಗೆರೆ, ಎರಡು ತೆಂಗಿನಕಾಯಿ: ಒಂದು ಶಾರ್ಟ್ ಹೆಡ್ ಸೋಲಿನ ಪ್ರಕರಣ ಅಧ್ಯಯನ

ಇದು ಕುದುರೆ ರೇಸಿನಲ್ಲಿ ಶಾರ್ಟ್ ಹೆಡ್ ಅಂತರದಲ್ಲಿ, ಅಂದರೆ ಕುದುರೆಯ ಒಂದು ತಲೆಗಿಂತಲೂ ಕಡಿಮೆ ಅಂತರದಲ್ಲಿ, ಸೋತ ಬಾಜಿಯೊಂದರ ಕಥೆ. ಇದರಲ್ಲಿ ಬರುವ ಇಬ್ಬರನ್ನು ಭಾವ, ಭಾಮೈದ ಎಂದಷ್ಟೇ ಕರೆಯುತ್ತೇನೆ. ಊರು, ವಯಸ್ಸು, ಕಸುಬಿನ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಓಟ ನಡೆದ ರೇಸ್ ಕೋರ್ಸ್ ಯಾವುದು, ವರ್ಷ ಯಾವುದು ಎಂಬುದನ್ನು ಬಿಟ್ಟಿದ್ದೇನೆ. ಕುದುರೆಗಳು ಇಲ್ಲಿ ಬರಿಯ 7 ಮತ್ತು 3. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಒಪ್ಪುವಾಗ ಭಾಮೈದ ಒಂದು ಷರತ್ತು ಹಾಕಿದ: "ಮೋಸಗಾರ ಎಂದು ಮಾತ್ರ ಬರೆಯಬೇಡಿ ಸರ್, ದಡ್ಡ ಎಂದು ಬೇಕಾದರೆ ಬರೆಯಿರಿ." ಅವನು ಎರಡೂ ಅಲ್ಲ. ಅದಕ್ಕೇ ಈ ಪ್ರಕರಣ ಬರೆಯುವಷ್ಟು ಸ್ವಾರಸ್ಯದ್ದು ಎಂದು ನನಗೆ ಅನ್ನಿಸಿದ್ದು.

ಹಿನ್ನೆಲೆ

ಭಾವ ಮಂಡ್ಯ ಕಡೆಯವರು. ಸ್ವಲ್ಪ ಕಬ್ಬು, ಒಂದು ಆಲೆಮನೆ. ಭಾಮೈದನಿಗೆ ಮೈಸೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಪಿಯುಸಿಯಲ್ಲಿ ಅವನಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು; ನಿವೃತ್ತನಾದ ಮೇಲೆ ನನ್ನ ಮೊಬೈಲಿನ ಗಾಜು ಒಡೆದಾಗಲೆಲ್ಲ ಅವನೇ ಹಾಕಿಕೊಡುವುದು. ಭಾವನಿಗೆ ರೇಸಿನ ಗೀಳು ಹತ್ತಿದ್ದು ಯೌವನದಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿನಲ್ಲಿ. ಗೀಳು ಎಂದರೆ ಮನೆ ಮಾರುವಂಥದ್ದಲ್ಲ. ವರ್ಷಕ್ಕೆ ನಾಲ್ಕೈದು ಸಲ ಹೋಗುವುದು, ಜೇಬಿನಲ್ಲಿದ್ದ ಒಂದೆರಡು ಸಾವಿರ ಕಳೆಯುವುದು, ಬರುವಾಗ ಮನೆಗೆ ಮೈಸೂರುಪಾಕು ತರುವುದು. ಮೈಸೂರುಪಾಕಿನ ಪೊಟ್ಟಣ ದೊಡ್ಡದಿದ್ದರೆ ಸೋತಿದ್ದಾರೆ ಎಂದು ಅವರ ಹೆಂಡತಿ ತಿಳಿದುಕೊಳ್ಳುತ್ತಿದ್ದರಂತೆ. ಆ ಹೆಂಡತಿಯೇ ಭಾಮೈದನ ಅಕ್ಕ.

ಆ ದಿನ ಇಬ್ಬರೂ ಹೋಗಿದ್ದರು. ಭಾವನ ಜೇಬಿನಲ್ಲಿ ಬೆಲ್ಲ ಮಾರಿದ ಹಣ 15,000 ರೂಪಾಯಿ ಇತ್ತು. ಮರುದಿನ ಆಲೆಮನೆಯ ಆಳುಗಳಿಗೆ ಬಟವಾಡೆ ಮಾಡಬೇಕಾಗಿದ್ದ ಹಣ ಅದು. ಅದರಲ್ಲಿ 2,000 ತೆಗೆದು, ಲಾಭ ನಷ್ಟ ಇಬ್ಬರಿಗೂ ಸಮ ಎಂದು ಮಾತಾಡಿಕೊಂಡು, ಬುಕ್ಕಿಯ ಬಳಿ 7ರ ಮೇಲೆ ಒಂದಕ್ಕೆ ನಾಲ್ಕರ ದರದಲ್ಲಿ ಕಟ್ಟಿದರು. ಗೆದ್ದಿದ್ದರೆ ಕಟ್ಟಿದ ಹಣವೂ ಸೇರಿ 10,000 ಕೈಗೆ ಬರುತ್ತಿತ್ತು.

7 ಮತ್ತು 3 ಒಟ್ಟಿಗೆ ಬಂದವು. 3 ಓಟದ ಹಾದಿಯ ಒಳಬದಿಯ ಬೇಲಿಗೆ, ಅಂದರೆ ಒಳರೈಲಿಗೆ, ಅಂಟಿಕೊಂಡು, 7 ಪ್ರೇಕ್ಷಕರ ಸ್ಟ್ಯಾಂಡಿನ ಬದಿಯಲ್ಲಿ. ನಡುವೆ ಸುಮಾರು 3 ಮೀಟರ್ ಖಾಲಿ ಜಾಗ. ಯಾವುದು ಮೊದಲು ಎಂದು ಕಣ್ಣಿಗೆ ತಿಳಿಯದೆ ಜಡ್ಜ್ ಗೆಲುವಿನ ಗೆರೆಯ ಫೋಟೋ ಕೇಳಿದರು. ಸ್ಟ್ಯಾಂಡಿನಲ್ಲಿ ಗದ್ದಲವೆದ್ದಿತು. ಭಾಮೈದ ಕೊನೆಯ 100 ಮೀಟರನ್ನು ಮೊಬೈಲಿನಲ್ಲಿ ತೆಗೆದಿದ್ದ. ಪಕ್ಕದಲ್ಲಿ ನಿಂತಿದ್ದ ಅಪರಿಚಿತನೊಬ್ಬ "3 ಗೆದ್ದಿದೆ" ಎಂದ. ಭಾಮೈದ "7" ಎಂದ. ಅಪರಿಚಿತ "ಹತ್ತು ಸಾವಿರ?" ಎಂದ. ಭಾಮೈದ ಭಾವನ ಮುಖ ನೋಡಿದ. ಭಾವ "ನೀನು ಸರಿಯಾಗಿ ನೋಡಿದ್ದೀಯಾ?" ಎಂದು ಕೇಳಿದರು. "ವಿಡಿಯೊದಲ್ಲೇ ಇದೆ ಭಾವ." ಕೈ ತಟ್ಟಿಯಾಯಿತು.

ಫಲಿತಾಂಶ: 3, ಶಾರ್ಟ್ ಹೆಡ್ ಅಂತರದಿಂದ. ಒಟ್ಟು 12,000 ಹೋಯಿತು.

ಸಮಸ್ಯೆ

ಸೋಲು ಅಷ್ಟಕ್ಕೇ ನಿಂತಿದ್ದರೆ ನಾನು ಇದರಲ್ಲಿ ಬರುತ್ತಿರಲಿಲ್ಲ. ಭಾಮೈದ ವಿಡಿಯೊದಿಂದ ಒಂದು ಚಿತ್ರ ತೆಗೆದ. ಗೆಲುವಿನ ಕಂಬ ಒಳರೈಲಿನ ಪಕ್ಕದಲ್ಲಿತ್ತು. ಅದರ ಬುಡದಿಂದ ನೆಟ್ಟಗೆ ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ ಎಳೆದ. ಗೆರೆಯ ಆಚೆ 7ರ ತಲೆ ಪೂರ್ತಿ ದಾಟಿತ್ತು. 3ರ ಮೂಗು ಈಗಷ್ಟೇ ತಾಗುತ್ತಿತ್ತು. ಅದನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ನಮಗೆ ಮೋಸವಾಗಿದೆ ಎಂದು ಬರೆದ. ಜೊತೆಗೆ ಪ್ರಕಟವಾದ ಅಧಿಕೃತ ಫೋಟೋವನ್ನೂ ಹಾಕಿ, ಅದು ಕಂಪ್ಯೂಟರಿನಲ್ಲಿ ತಯಾರಿಸಿದ್ದು ಎಂಬುದಕ್ಕೆ ಮೂರು ಸಾಕ್ಷಿ ಕೊಟ್ಟ. ಹಿನ್ನೆಲೆಯಲ್ಲಿ ಹುಲ್ಲಾಗಲಿ ಮರವಾಗಲಿ ಇಲ್ಲ, ಬರಿಯ ಪಟ್ಟೆ. ಕುದುರೆಗಳ ಕಾಲು ಸೊಟ್ಟ. ಒಂದು ಗೊರಸಂತೂ ಮೊಳದುದ್ದ ಎಳೆದುಕೊಂಡಿದೆ.

ನೋಡಿದವರೆಲ್ಲ ನಂಬಿದರು. ಮೊದಲ ನೋಟಕ್ಕೆ ನನಗೂ ಕೆಂಪು ಗೆರೆ ಗಟ್ಟಿ ಸಾಕ್ಷಿಯಂತೆಯೇ ಕಂಡಿತು ಎಂದು ಒಪ್ಪಿಕೊಳ್ಳುತ್ತೇನೆ. ಭಾವ ಒಂದು ದೂರು ಬರೆಸಲು ಹೊರಟಿದ್ದರು. ವಕೀಲರ ಬಳಿ ಹೋಗುವ ಮುಂಚೆ "ಓದಿದವರು ಒಬ್ಬರು ನೋಡಲಿ" ಎಂದು ಅಕ್ಕ ಹೇಳಿದರಂತೆ. ಹೀಗೆ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ನನ್ನ ಮನೆಯ ಜಗಲಿಯಲ್ಲಿ ಕುಳಿತಿದ್ದರು.

ದೂರಿನ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ಫೋಟೋ ಸುಳ್ಳಾದರೆ 12,000 ಕಳೆದವರು ಯಾರೂ ಅಲ್ಲ, ಕಿತ್ತುಕೊಂಡವರು ಬೇರೆ. ಫೋಟೋ ನಿಜವಾದರೆ ಆಳುಗಳ ಬಟವಾಡೆಯನ್ನು ಪಕ್ಕದವನ ಕೈಗೆ ಹಾಕಿದ್ದು ಭಾಮೈದ. ಅಕ್ಕನ ಮುಂದೆ ಅವನು ಹೇಗೆ ನಿಲ್ಲಬೇಕು ಎಂಬುದು ಆ ಗೆರೆಯ ಮೇಲೆ ನಿಂತಿತ್ತು. ಇದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಬೇರೆ ರೀತಿ ಶುರು ಮಾಡುತ್ತಿದ್ದೆ.

ಮೊದಲ ಪ್ರಯತ್ನ, ನನ್ನ ತಪ್ಪು

ನಾನು ಮೇಷ್ಟ್ರು. ಲೆಕ್ಕದಿಂದ ಶುರು ಮಾಡಿದೆ. ಗೆಲುವಿನ ಕಂಬದ ಬಳಿ ರೇಸ್ ಕುದುರೆಯ ವೇಗ ಗಂಟೆಗೆ ಹೆಚ್ಚು ಕಡಿಮೆ 60 ಕಿಲೋಮೀಟರ್, ಅಂದರೆ ಸೆಕೆಂಡಿಗೆ 16 ಮೀಟರಿಗೂ ಸ್ವಲ್ಪ ಹೆಚ್ಚು. ಮೊಬೈಲ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕುದುರೆ ಸುಮಾರು 55 ಸೆಂಟಿಮೀಟರ್ ಓಡಿರುತ್ತದೆ. ಶಾರ್ಟ್ ಹೆಡ್ ಎಂದರೆ ಒಂದು ತಲೆಗಿಂತ ಕಡಿಮೆ. ಗೆರೆ ದಾಟಿದ ಆ ಕ್ಷಣ ನಿನ್ನ ಮೊಬೈಲಿನಲ್ಲಿ ಇಲ್ಲದೇ ಇರಬಹುದು, ಎರಡು ಚಿತ್ರಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗಿರಬಹುದು ಎಂದೆ.

ಜೊತೆಗೆ ಕುದುರೆ ಓಡುವಾಗ ತಲೆಯಾಡಿಸುತ್ತದೆ. ಒಂದೊಂದು ಹೆಜ್ಜೆಗೂ ಕತ್ತು ಮುಂದೆ ಚಾಚಿ ಹಿಂದೆ ಸರಿಯುತ್ತದೆ. ಸೆಕೆಂಡಿಗೆ ಎರಡಕ್ಕೂ ಹೆಚ್ಚು ಸಲ. ಗೆರೆಗೆ ಒಂದು ಮೀಟರ್ ಮುಂಚೆ 7 ಮುಂದಿದ್ದು, ಗೆರೆಯ ಮೇಲೆ 3ರ ಕತ್ತು ಚಾಚಿ, ಗೆರೆಯಾಚೆ ಮತ್ತೆ 7 ಮುಂದಾಗಬಹುದು. ಜಡ್ಜಿಗೆ ಬೇಕಾದದ್ದು ಮೂಗಿನ ತುದಿ ಗೆರೆಯ ಮೇಲೆ ಬಂದ ಕ್ಷಣ ಮಾತ್ರ. ಕಾಲು, ಎದೆ, ಜಾಕಿಯ ಟೋಪಿ ಯಾವುದೂ ಲೆಕ್ಕಕ್ಕಿಲ್ಲ.

ಭಾವ ತಲೆದೂಗಿದರು. ಭಾಮೈದ ಒಪ್ಪಲಿಲ್ಲ. "ಸರ್, 55 ಸೆಂಟಿಮೀಟರ್ ಹೆಚ್ಚು ಕಡಿಮೆ ಆಗಲಿ. ಇಲ್ಲಿ 7 ಅದಕ್ಕಿಂತ ಹೆಚ್ಚು ಮುಂದಿದೆಯಲ್ಲ?" ಅವನು ಹೇಳಿದ್ದು ಸರಿ. ಚಿತ್ರದಲ್ಲಿ 7 ಮುಕ್ಕಾಲು ಮೀಟರಿನಷ್ಟು ಮುಂದೆ ಕಾಣುತ್ತಿತ್ತು. ನನ್ನ ಲೆಕ್ಕದಿಂದ ಅದು ಕರಗುವಂತಿರಲಿಲ್ಲ.

ಆಗ ನಾನು ಕೋನದ ವಿಷಯ ತೆಗೆದೆ. ನೀನು ಕಂಬದ ನೇರಕ್ಕೆ ನಿಂತಿರಲಿಲ್ಲ, ಓರೆಯಾಗಿ ನೋಡಿದ್ದೀಯ ಎಂದು ಪತ್ರಿಕೆಯ ಅಂಚಿನಲ್ಲಿ ಚಿತ್ರ ಬರೆದು, "ಹೀಗೆ ನೋಡಿದರೆ ದೂರದ ಕುದುರೆ ಮುಂದಿದ್ದಂತೆ ಕಾಣುತ್ತದೆ" ಎಂದು ಘಂಟಾಘೋಷವಾಗಿ ಹೇಳಿದೆ. ಭಾಮೈದನ ಮುಖ ಅರಳಿತು. "ಹಾಗಾದರೆ ಸರ್, ದೂರದ ಕುದುರೆ 3. ಅದನ್ನು ಮುಂದಕ್ಕೆ ತೋರಿಸಿಯೂ ನನ್ನ 7 ಮುಂದಿದೆ. ನಿಜದಲ್ಲಿ ಇನ್ನೂ ಎಷ್ಟು ಮುಂದಿತ್ತೋ!"

ನಾನು ಚಿತ್ರದಲ್ಲಿ ಅವನನ್ನು ಕಂಬದ ಆಚೆ ನಿಲ್ಲಿಸಿದ್ದೆ. ಅವನು ನಿಂತಿದ್ದು ಈಚೆ. ಕುದುರೆಗಳು ಮೊದಲು ಅವನನ್ನು ದಾಟಿ ಆಮೇಲೆ ಕಂಬ ಮುಟ್ಟುತ್ತಿದ್ದವು. ಬದಿ ಬದಲಾದರೆ ಭ್ರಮೆಯೂ ತಿರುಗುಮುರುಗಾಗುತ್ತದೆ. ಮೂವತ್ತು ವರ್ಷ ಪಾಠ ಮಾಡಿದವನು ಎಡ ಬಲ ತಪ್ಪಿದ್ದೆ. ಅವರಿಬ್ಬರೂ ಕಾಫಿ ಕುಡಿದು ಎದ್ದು ಹೋದ ಮೇಲೆ, ಲೋಟ ತೊಳೆಯುವಾಗ ಇದು ತಲೆಗೆ ಬಂತು. ಅಷ್ಟರಲ್ಲಿ ಗುಂಪಿನಲ್ಲಿ ಹೊಸ ಸಂದೇಶ ಬಿದ್ದಿತ್ತು: ನಮ್ಮ ಮೇಷ್ಟ್ರೂ ಒಪ್ಪಿದ್ದಾರೆ.

ಈ ಒಂದು ತಪ್ಪಿನಿಂದ ಒಂದು ವಾರ ಹೋಯಿತು. ಫೋನಿನಲ್ಲಿ ತಿದ್ದಲು ಹೋದೆ. "ಈಗ ಮಾತು ಬದಲಿಸುತ್ತಿದ್ದೀರಿ ಸರ್" ಎಂದ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ.

ತೆಂಗಿನಕಾಯಿ

ಮಾತು ಕೈಬಿಡುವುದೆಂದು ತೀರ್ಮಾನಿಸಿದೆ. ಮುಂದಿನ ಭಾನುವಾರ ಹತ್ತಿರದ ಪ್ರೌಢಶಾಲೆಯ ಮೈದಾನಕ್ಕೆ ಇಬ್ಬರನ್ನೂ ಬರಹೇಳಿದೆ. ಏನು ಹೇಳಲಿಕ್ಕೂ ಹೋಗಲಿಲ್ಲ. ಸುಣ್ಣದಲ್ಲಿ ಒಂದು ಉದ್ದ ಗೆರೆ ಹಾಕಿಸಿದೆ. ಗೆರೆಯ ದೂರದ ತುದಿಗೆ ಒಂದು ಬಿದಿರು ಗಳ ನೆಟ್ಟೆವು. ಅದು ಗೆಲುವಿನ ಕಂಬ. ಗೆರೆಯ ಮೇಲೆಯೇ, 3 ಮೀಟರ್ ಅಂತರದಲ್ಲಿ, ಎರಡು ಪ್ಲಾಸ್ಟಿಕ್ ಕುರ್ಚಿ. ಒಂದೊಂದು ಕುರ್ಚಿಯ ಮೇಲೂ ಒಂದೊಂದು ತೆಂಗಿನಕಾಯಿ. ಜುಟ್ಟು ಗೆರೆಯ ನೇರಕ್ಕೆ ಇದೆಯೇ ಎಂದು ಭಾಮೈದನಿಂದಲೇ ತೂಕದ ದಾರ ಇಳಿಬಿಡಿಸಿ ನೋಡಿಸಿದೆ. ಸಮ ಎಂದು ಅವನೇ ಒಪ್ಪಿದ.

ಅವನು ಆ ದಿನ ನಿಂತಿದ್ದ ಜಾಗವನ್ನು ಸ್ಟ್ಯಾಂಡಿನ ಕಂಬಗಳ ನೆನಪಿನಿಂದ ಅಂದಾಜು ಮಾಡಿದ್ದೆವು: ಗೆಲುವಿನ ಗೆರೆಗೆ 8 ಮೀಟರ್ ಈಚೆ, ಹತ್ತಿರದ ಕುದುರೆಗೆ 32 ಮೀಟರ್ ದೂರ. ಮೈದಾನದಲ್ಲೂ ಅಷ್ಟೇ ಅಳೆದು ನಿಲ್ಲಿಸಿ, ಅದೇ ಮೊಬೈಲಿನಲ್ಲಿ ಚಿತ್ರ ತೆಗೆಯಲು ಹೇಳಿದೆ. "ಈಗ ಬಿದಿರಿನ ಬುಡದಿಂದ ನೆಟ್ಟಗೆ ಕೆಂಪು ಗೆರೆ ಎಳೆ."

ಎಳೆದ. ಹತ್ತಿರದ ತೆಂಗಿನಕಾಯಿ ಗೆರೆ ದಾಟಿ ಹೋಗಿತ್ತು.

ಅವನು ಮೊಬೈಲ್ ನೋಡಿದ, ಕುರ್ಚಿ ನೋಡಿದ, ಮತ್ತೆ ಮೊಬೈಲ್ ನೋಡಿದ. ಭಾವ ಹೋಗಿ ಕಾಯಿ ಸರಿದಿದೆಯೇ ಎಂದು ಪರೀಕ್ಷಿಸಿ ಬಂದರು. ಸರಿದಿರಲಿಲ್ಲ. ನಾನು ಭಾಮೈದನನ್ನು ನಿಧಾನವಾಗಿ ಗೆರೆಯ ಕಡೆಗೆ ನಡೆಸಿದೆ. ನಡೆದಂತೆಲ್ಲ ಕಾಯಿಗಳ ಅಂತರ ಕಿರಿದಾಗುತ್ತ ಬಂತು. ಗೆರೆಯ ನೇರಕ್ಕೆ ಬಂದಾಗ ಒಂದರ ಹಿಂದೆ ಒಂದು ಅಡಗಿತು. ಆಚೆ ದಾಟಿದ ಕೂಡಲೇ ದೂರದ ಕಾಯಿ ಮುಂದಾಯಿತು. ಅವನು ಎರಡು ಮೂರು ಸಲ ಹಿಂದಕ್ಕೂ ಮುಂದಕ್ಕೂ ನಡೆದ. ಭಾವ ನಕ್ಕರು. ಆ ಎರಡು ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಲೆಕ್ಕ ಸರಳ. ಗೆರೆಯಿಂದ ನೀವು ಎಷ್ಟು ಸರಿದಿದ್ದೀರಿ ಎಂಬುದನ್ನು ಕುದುರೆಗೆ ಇರುವ ದೂರದಿಂದ ಭಾಗಿಸಿ, ಕುದುರೆಗಳ ನಡುವಿನ ಅಗಲದಿಂದ ಗುಣಿಸಿ. ಎಂಟನ್ನು ಮೂವತ್ತೆರಡರಿಂದ ಭಾಗಿಸಿದರೆ ಕಾಲು; ಮೂರು ಮೀಟರಿನ ಕಾಲು ಭಾಗ 75 ಸೆಂಟಿಮೀಟರ್. ಅವನ ಚಿತ್ರದ 7ಕ್ಕೆ ಸಿಕ್ಕಿದ್ದ ಮುನ್ನಡೆ ಅಷ್ಟೇ. ಸ್ಟ್ಯಾಂಡಿನ ಆ ಭಾಗದಲ್ಲಿ ನಿಂತವರೆಲ್ಲ 7 ಎಂದು ಕೂಗಿದ್ದರು ಎಂಬುದನ್ನು ಅವನು ಸಾಕ್ಷಿಯಾಗಿ ಹೇಳುತ್ತಿದ್ದ. ಅವರೆಲ್ಲರೂ ಒಂದೇ ಕಡೆ ನಿಂತಿದ್ದರು. ಕಂಬದ ಆಚೆ ನಿಂತವರು 3 ಎಂದು ಕೂಗಿರಬೇಕು. ಜಡ್ಜಿನ ಪೆಟ್ಟಿಗೆಯನ್ನು ಗೆಲುವಿನ ಗೆರೆಯ ನೇರಕ್ಕೇ ಕಟ್ಟುವುದು ಇದೇ ಕಾರಣಕ್ಕೆ.

ಅಧಿಕೃತ ಫೋಟೋದ ಮೂರು ಸಾಕ್ಷಿಗಳು ಉಳಿದಿದ್ದವು. ಅದಕ್ಕೆ ಎಂಜಿನಿಯರಿಂಗ್ ಓದುವ ನಮ್ಮ ಬೀದಿಯ ಹುಡುಗಿ ನೆರವಾದಳು. ಮೊಬೈಲನ್ನು ಸುಣ್ಣದ ಗೆರೆಯ ನೇರಕ್ಕೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೆಕೆಂಡಿಗೆ 240 ಚಿತ್ರಗಳ ನಿಧಾನಗತಿಯಲ್ಲಿ ಇಬ್ಬರು ಹುಡುಗರ ಸೈಕಲ್ ಓಟ ತೆಗೆದೆವು. ಅವಳು ಹತ್ತು ಹನ್ನೆರಡು ಸಾಲಿನ ಒಂದು ಪ್ರೋಗ್ರಾಂ ಬರೆದು, ಪ್ರತಿ ಚಿತ್ರದಿಂದಲೂ ಗೆರೆ ಬೀಳುವ ಒಂದೇ ಒಂದು ಎಳೆಯನ್ನು ಕತ್ತರಿಸಿ ಪಕ್ಕ ಪಕ್ಕ ಜೋಡಿಸಿದಳು. ಸೀರೆಗೆ ಹಾಸು ಹಾಕಿದ ಹಾಗೆ ಎಂದು ಭಾವ ಹೇಳಿದರು. ನನಗೆ ಅದಕ್ಕಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ.

ಫೋಟೋ ಫಿನಿಷ್ ಕ್ಯಾಮೆರಾ ಮಾಡುವುದು ಇದನ್ನೇ. ಅದು ಮೈದಾನವನ್ನು ನೋಡುವುದಿಲ್ಲ, ಗೆರೆಯೊಂದನ್ನೇ ನೋಡುತ್ತದೆ. ಚಿತ್ರದ ಎಡ ಬಲ ಎಂದರೆ ಜಾಗವಲ್ಲ, ಸಮಯ. ಯಾರು ಎಷ್ಟು ಮುಂದೆ ಎಂಬುದು ಅಲ್ಲಿ ಯಾರು ಎಷ್ಟು ಮೊದಲು ಎಂದಾಗುತ್ತದೆ. ಗೆರೆಯ ಆಚೆಗಿನ ಹುಲ್ಲು ಕದಲುವುದಿಲ್ಲವಾದ್ದರಿಂದ ಅದೇ ಎಳೆ ಮತ್ತೆ ಮತ್ತೆ ಬಂದು ಪಟ್ಟೆಯಾಗುತ್ತದೆ. ನಮ್ಮ ಚಿತ್ರದಲ್ಲೂ ಶಾಲೆಯ ಕಾಂಪೌಂಡು ಮಾಯವಾಗಿ ಹಳದಿ ಪಟ್ಟೆ ಉಳಿದಿತ್ತು. ನಿಧಾನವಾಗಿ ಬಂದ ಹುಡುಗನ ಸೈಕಲ್ ಉದ್ದವಾಗಿ ಎಳೆದುಕೊಂಡಿತ್ತು, ಚಕ್ರದ ಕಡ್ಡಿಗಳು ಬಾಗಿದ್ದವು. ಮೊಳದುದ್ದದ ಗೊರಸಿಗೂ ಉತ್ತರ ಅಲ್ಲೇ ಇತ್ತು: ಓಡುವ ಕುದುರೆಯಲ್ಲಿ ನೆಲಕ್ಕೆ ಊರಿದ ಗೊರಸು ಒಂದೇ ಆ ಕ್ಷಣಕ್ಕೆ ನಿಂತಿರುವುದು. ಅದು ಸರಿಯಾಗಿ ಗೆರೆಯ ಮೇಲೆ ಊರಿದರೆ, ನಿಂತಷ್ಟು ಹೊತ್ತೂ ಎಳೆ ಎಳೆಯಾಗಿ ಹಿಗ್ಗುತ್ತದೆ.

ನಮ್ಮ ಮೊಬೈಲಿನ 240 ಎಳೆಗೆ ಕುದುರೆಯ ವೇಗದಲ್ಲಿ ಒಂದೊಂದಕ್ಕೂ 7 ಸೆಂಟಿಮೀಟರ್ ಹೋಗುತ್ತದೆ. ರೇಸಿನ ಕ್ಯಾಮೆರಾಗಳು ಸೆಕೆಂಡಿಗೆ ಸಾವಿರಾರು ಎಳೆ ತೆಗೆಯುತ್ತವೆ. 2,000 ಎಂದುಕೊಂಡರೂ ಎಳೆಗೆ 8 ಮಿಲಿಮೀಟರ್. ಒಂದು ಕುದುರೆ ಇನ್ನೊಂದರ ಮೂಗನ್ನು ಮರೆಮಾಡಿದರೆ ನೋಡಲೆಂದು ಗೆರೆಯ ಆ ತುದಿಯಲ್ಲಿ ಕನ್ನಡಿಯನ್ನೂ ಇಟ್ಟಿರುತ್ತಾರೆ. ಭಾಮೈದ "ಎಷ್ಟಾದರೂ ಇವೆಲ್ಲ ಈಗಿನ ಕಂಪ್ಯೂಟರ್ ಕೈಚಳಕ" ಎಂದು ಕೊನೆಯ ಬಾಣ ಬಿಟ್ಟ. 1949ರಲ್ಲಿ ಇಂಗ್ಲೆಂಡಿನ ಎಪ್ಸಮ್ ಡರ್ಬಿಯನ್ನು ನಿಂಬಸ್ ಎಂಬ ಕುದುರೆ ಆಮೂರ್ ಡ್ರೇಕ್ ಎಂಬುದರ ವಿರುದ್ಧ ಗೆದ್ದದ್ದು ಫೋಟೋ ನೋಡಿಯೇ ತೀರ್ಮಾನವಾಯಿತು ಎಂದೆ. ಆಗ ಕಂಪ್ಯೂಟರ್ ಎಲ್ಲಿತ್ತು? ಕಿರಿದಾದ ಸೀಳಿನ ಹಿಂದೆ ಫಿಲ್ಮಿನ ಸುರುಳಿ ಓಡುತ್ತಿತ್ತು, ಅಷ್ಟೇ.

ಗಂಟೆ ನಿಮಿಷ

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಪ್ರಕರಣದ ನಿಜವಾದ ತಿರುವು ಬಂದದ್ದು ಇದಾದ ಮೇಲೆ, ಅದೂ ಆಕಸ್ಮಿಕವಾಗಿ.

ವಾಟ್ಸ್ಆ್ಯಪಿನಲ್ಲಿ ಬಂದ ವಿಡಿಯೊ ಕುಗ್ಗಿರುತ್ತದೆ. ಅದಕ್ಕೇ ನಾನು ಮೂಲ ವಿಡಿಯೊವನ್ನೂ ಕೆಂಪು ಗೆರೆಯ ಮೂಲ ಚಿತ್ರವನ್ನೂ ಅವನ ಮೊಬೈಲಿನಿಂದಲೇ ತೆಗೆದುಕೊಂಡಿದ್ದೆ. ಕೋನದ ಲೆಕ್ಕ ಬರೆದಿಡುವಾಗ ಕಡತಗಳ ವಿವರ ತೆರೆದೆ. ವಿಡಿಯೊ 4 ಗಂಟೆ 12 ನಿಮಿಷಕ್ಕೆ. ಕೆಂಪು ಗೆರೆಯ ಚಿತ್ರ 4 ಗಂಟೆ 26 ನಿಮಿಷಕ್ಕೆ.

ಭಾಮೈದ ನನಗೆ ಮೊದಲ ದಿನದಿಂದ ಹೇಳಿದ ಕ್ರಮ ಬೇರೆ ಇತ್ತು: ವಿಡಿಯೊ ತೆಗೆದೆ, ನಿಲ್ಲಿಸಿ ನೋಡಿದೆ, ಗೆರೆ ಎಳೆದೆ, ಖಚಿತವಾಯಿತು, ಆಮೇಲೆ ಕೈ ತಟ್ಟಿದೆ. ಹಾಗಾದರೆ ಫಲಿತಾಂಶ ಬಂದದ್ದು ಎಷ್ಟು ಹೊತ್ತಿಗೆ? ಭಾವನಿಗೆ ಗಂಟೆ ನೆನಪಿರಲಿಲ್ಲ. ಆದರೆ ಫಲಿತಾಂಶ ಕೇಳಿದ ಕೂಡಲೇ ಆಲೆಮನೆಯ ಮೇಸ್ತ್ರಿಗೆ ಫೋನ್ ಮಾಡಿ, ಬಟವಾಡೆ ಎರಡು ದಿನ ತಡವಾಗುತ್ತದೆ ಎಂದು ಹೇಳಿದ್ದು ನೆನಪಿತ್ತು. ಮೊಬೈಲ್ ತೆಗೆದು ನೋಡಿದರು. ಕರೆ ಹೋದದ್ದು 4 ಗಂಟೆ 18 ನಿಮಿಷಕ್ಕೆ.

ಗೆರೆ ಎಳೆದದ್ದು ಸೋತ ಮೇಲೆ. ಕನಿಷ್ಠ ಎಂಟು ನಿಮಿಷ ಕಳೆದ ಮೇಲೆ.

ಇದನ್ನು ಭಾಮೈದನಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿದರೆ ಅವನನ್ನು ಸುಳ್ಳುಗಾರನೆಂದು ಹಿಡಿದಂತಾಗುತ್ತಿತ್ತು. ಆದರೆ ಅವನು ಸುಳ್ಳು ಹೇಳಿರಲಿಲ್ಲ. ಗೆರೆ ನೋಡಿಯೇ ಕೈ ತಟ್ಟಿದೆ ಎಂದು ಅವನು ಮನಸಾರೆ ನಂಬಿದ್ದ. ನಾನು ಆರಿಸಿಕೊಂಡ ದಾರಿ ಇದು: ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಹೋಗಿ, ಮೂರು ಸಮಯಗಳನ್ನು ಒಂದು ಚೀಟಿಯಲ್ಲಿ ಬರೆದು ಗಾಜಿನ ಮೇಲಿಟ್ಟೆ. ವ್ಯಾಖ್ಯಾನ ಮಾಡಲಿಲ್ಲ. ಬಹಳ ಹೊತ್ತು ನೋಡಿ, "ಹಾಗಾದರೆ ಆಗ ನಾನು ನೋಡಿದ್ದು ಏನನ್ನು ಸರ್?" ಎಂದು ಕೇಳಿದ. 7ರ ಮೇಲೆ ಕಟ್ಟಿದ ಟಿಕೆಟ್ಟನ್ನು, ಎಂದೆ. ಇಷ್ಟು ಚುರುಕಾಗಿ ಉತ್ತರ ಕೊಡಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಫೋಟೋ ಕಾಯುವ ಆ ನಾಲ್ಕೈದು ನಿಮಿಷ ವಿಚಿತ್ರವಾದದ್ದು. ಓಟ ಮುಗಿದಿದೆ, ಉತ್ತರ ಇದೆ, ಆದರೆ ಯಾರ ಕೈಗೂ ಬಂದಿಲ್ಲ. ಅಲ್ಲಿ ನಿಂತವನಿಗೆ ತಾನು ಊಹಿಸುತ್ತಿದ್ದೇನೆ ಅನ್ನಿಸುವುದಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ ಅನ್ನಿಸುತ್ತದೆ. ಓಟಕ್ಕೆ ಮುಂಚೆ 2,000ಕ್ಕಿಂತ ಹೆಚ್ಚು ಕಟ್ಟಲು ಹಿಂಜರಿದ ಇಬ್ಬರೂ ಓಟ ಮುಗಿದ ಮೇಲೆ 10,000ಕ್ಕೆ ಒಪ್ಪಿದ್ದು ಅದರಿಂದಲೇ. ಆ ಅಪರಿಚಿತ ಎಲ್ಲಿ ನಿಂತು ಓಟ ನೋಡಿ ಬಂದಿದ್ದ ಎಂಬುದನ್ನು ಇಬ್ಬರೂ ಕೇಳಿರಲಿಲ್ಲ. ಕಂಬದ ನೇರದಿಂದ ನಡೆದು ಬಂದವನಾಗಿದ್ದರೆ ಅವನದು ಜೂಜೇ ಅಲ್ಲ.

ಇನ್ನೊಂದು ಮಾತು. ರೇಸ್ ಕೋರ್ಸಿನೊಳಗೆ ಪರವಾನಗಿ ಇರುವ ಬುಕ್ಕಿಯ ಬಳಿ, ಟೋಟ್ (ಎಲ್ಲರ ಬಾಜಿಯ ಹಣ ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಏರ್ಪಾಡು) ಕಿಟಕಿಯಲ್ಲಿ ಕಟ್ಟುವ ಬಾಜಿಗೆ ಕಾನೂನಿನ ನೆಲೆಯಿದೆ. ಕುದುರೆ ಓಟ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿದೆ. ಪಕ್ಕದವನ ಕೈ ತಟ್ಟಿ ಕಟ್ಟುವ ಬಾಜಿಗೆ ಆ ಆಸರೆ ಇಲ್ಲ. 1872ರ ಕರಾರು ಅಧಿನಿಯಮದ 30ನೇ ಕಲಮು ಬಾಜಿಯ ಒಪ್ಪಂದವನ್ನು ಅನೂರ್ಜಿತ ಎನ್ನುತ್ತದೆ. ಅಂದರೆ ಗೆದ್ದಿದ್ದರೂ ಅವನು ಹಣ ಕೊಡದೆ ಹೋಗಿದ್ದರೆ ಇವರು ಎಲ್ಲೂ ಕೇಳುವಂತಿರಲಿಲ್ಲ.

ಇತ್ಯರ್ಥ

ದೂರು ಹೋಗಲಿಲ್ಲ. ಹೋಗುವ ಮುಂಚೆ ಭಾಮೈದ ಒಂದು ಸಂದಿ ಹುಡುಕಿದ: "ಗೆಲುವಲ್ಲದಿದ್ದರೆ ಬೇಡ, ಸಮ, ಅಂದರೆ ಡೆಡ್ ಹೀಟ್ ಎಂದಾದರೂ ಕೊಡಬಹುದಿತ್ತಲ್ಲ? ಕಟ್ಟಿದ ಹಣ ವಾಪಸ್ ಬರುತ್ತಿತ್ತು." ಡೆಡ್ ಹೀಟಿನಲ್ಲಿ ಹಣ ವಾಪಸ್ ಬರುವುದಲ್ಲ. ಬುಕ್ಕಿಯ ಬಳಿ ಕಟ್ಟಿದ್ದರೆ ಅರ್ಧ ಹಣ ಗೆದ್ದಂತೆ, ಅರ್ಧ ಸೋತಂತೆ ಲೆಕ್ಕ. 2,000ದಲ್ಲಿ 1,000 ಹೋಗಿ, ಉಳಿದ 1,000ಕ್ಕೆ ನಾಲ್ಕರ ದರದಲ್ಲಿ 4,000 ಸೇರಿ 5,000 ಬರುತ್ತಿತ್ತು. ಟೋಟಿನಲ್ಲಾದರೆ ಗೆದ್ದವರಿಗೆ ಹಂಚುವ ಗಂಟನ್ನೇ ಎರಡು ಪಾಲು ಮಾಡುತ್ತಾರೆ. ಆದರೆ ಡೆಡ್ ಹೀಟ್ ಎಂಬುದು ಜಡ್ಜ್ ಕೊಡುವ ರಾಜಿಯಲ್ಲ. ಅತಿ ಸಣ್ಣ ಎಳೆಯಲ್ಲೂ ಎರಡು ಮೂಗು ಬೇರೆಯಾಗಿ ಕಾಣದಿದ್ದರೆ ಮಾತ್ರ ಆ ಮಾತು. ಇಲ್ಲಿ ಬೇರೆಯಾಗಿ ಕಂಡಿದ್ದವು.

ಹಣದ ತೀರ್ಮಾನ ಮಾಡಿದ್ದು ಅಕ್ಕ. ನನ್ನನ್ನು ಕೇಳಿದ್ದರೆ ಬಾಜಿಯ 10,000 ಪೂರ್ತಿ ಭಾಮೈದನದು ಎನ್ನುತ್ತಿದ್ದೆ. ಅಕ್ಕ ಹಾಗೆ ಹೇಳಲಿಲ್ಲ. ಬುಕ್ಕಿಯ 2,000 ಮೊದಲೇ ಮಾತಾಡಿದಂತೆ ಇಬ್ಬರಿಗೂ ಸಮ. ಉಳಿದ 10,000ದಲ್ಲಿ ತಮ್ಮನ ಪಾಲು 5,000, ಗಂಡನ ಪಾಲು 5,000. "ಅವನು ಓರೆಯಾಗಿ ನೋಡಿದ, ಸರಿ. ನೀವು ನೋಡಲೇ ಇಲ್ಲವಲ್ಲ, ಅವನ ಮುಖ ನೋಡಿ ಕೈ ಬಿಟ್ಟಿರಿ" ಎಂದರಂತೆ ಗಂಡನಿಗೆ. ಆಳುಗಳ ಬಟವಾಡೆ ಎರಡು ದಿನ ತಡವಾಗಿ, ಚೀಟಿ ಎತ್ತಿದ ಹಣದಲ್ಲಿ ಆಯಿತು. ಭಾಮೈದ ತನ್ನ ಪಾಲನ್ನು ಆರು ಕಂತಿನಲ್ಲಿ ತೀರಿಸಿದ. ಕುಟುಂಬದ ಗುಂಪಿನಲ್ಲಿ ಕೆಂಪು ಗೆರೆಯ ಚಿತ್ರ ಹಾಗೇ ಇದೆ. ಅವನು ಅಳಿಸಲಿಲ್ಲ, ತಿದ್ದುಪಡಿಯನ್ನೂ ಹಾಕಲಿಲ್ಲ. ನೋಡಿದವರಲ್ಲಿ ಕೆಲವರು ಇವತ್ತಿಗೂ ಅದನ್ನು ನಂಬಿದ್ದಾರೆ.

ಇಂಥದ್ದೇ ಜಗಳ ನಿಮ್ಮ ಬಳಿ ಬಂದರೆ, ಮೊದಲು ವೇಗದ ಲೆಕ್ಕ ತೆಗೆಯಬೇಡಿ. ಮೂಲ ಕಡತ ಕೇಳಿ, ಸಮಯ ನೋಡಿ, ತೆಗೆದವನು ಗೆರೆಯ ಯಾವ ಬದಿಗೆ ನಿಂತಿದ್ದ ಎಂಬುದನ್ನು ಎರಡು ಸಲ ಕೇಳಿ ಬರೆದುಕೊಳ್ಳಿ. ನಾನು ಒಂದೇ ಸಲ ಕೇಳಿದ್ದೆ.

ಕಳೆದ ಸುಗ್ಗಿಯ ನಂತರ ಭಾಮೈದ ಫೋನ್ ಮಾಡಿದ. ಅಕ್ಕನ ಊರಿನಲ್ಲಿ ಎತ್ತಿನ ಗಾಡಿ ಓಟ, ಕೊನೆಯ ಸುತ್ತಿನ ಮುಕ್ತಾಯ ತೆಗೆದುಕೊಡಲು ಇವನನ್ನು ಕರೆದಿದ್ದರು. ಮೊಬೈಲನ್ನು ಎಲ್ಲಿ ನಿಲ್ಲಿಸಬೇಕೆಂದು ಅವನು ನನ್ನನ್ನು ಕೇಳಲಿಲ್ಲ. ಗೆರೆಯ ನೇರಕ್ಕೆ, ಎರಡು ತುದಿಗೂ ಗಳ ನೆಟ್ಟು, ಒಂದರ ಹಿಂದೆ ಒಂದು ಅಡಗುವಂತೆ ನಿಲ್ಲಿಸಿದ್ದಾಗಿತ್ತು. ಬೀದಿಯ ಹುಡುಗಿಯಿಂದ ಪ್ರೋಗ್ರಾಂ ಕೂಡ ತರಿಸಿಕೊಂಡಿದ್ದ. ಅವನ ತೊಂದರೆ ಬೇರೆ. ಎಷ್ಟು ಹಿಗ್ಗಿಸಿ ನೋಡಿದರೂ ಎರಡು ಜೋಡಿಯ ಮೂಗುಗಳೂ ಒಂದೇ ಎಳೆಯಲ್ಲಿದ್ದವು. ಸಮ ಎಂದು ಹೇಳಿಬಿಟ್ಟೆ ಸರ್, ಎಂದ. ಹಿನ್ನೆಲೆಯಲ್ಲಿ ಭಾರಿ ಕೂಗಾಟ ಕೇಳಿಸುತ್ತಿತ್ತು. ಸಮಿತಿಯವರು ಬಹುಮಾನಕ್ಕೆಂದು ತಂದು ನಿಲ್ಲಿಸಿದ್ದ ಬೈಕ್ ಒಂದೇ.